ಕುಂಬಳೆಯಿಂದ ಬದಿಯಡ್ಕಕ್ಕೆ ಮಳೆಯಲ್ಲಿ ನಡೆದೆವು. ಕಾಲಿಗೆ ಎಂತ ಹಾಕಬೇಕಿತ್ತು?

ಕಾಲುದಾರಿ (ಸೋಮವಾರ, ಬೆಳಗ್ಗೆ 9.10)
ನಿನ್ನೆ ಆದಿತ್ಯವಾರ ನಾನೂ ನನ್ನ ಭಾವನೂ ಕಾಸರಗೋಡಿನ ಕುಂಬಳೆ ರೈಲ್ವೇ ಸ್ಟೇಷನ್ನಿನಿಂದ ಬದಿಯಡ್ಕ ಪೇಟೆಯವರೆಗೆ ನಡೆದೆವು. ಡಾಮರು ರಸ್ತೆ ಆದಷ್ಟು ಬಿಟ್ಟು, ಒಳದಾರಿಯಲ್ಲಿ. ನಾಯ್ಕಾಪು, ಅನಂತಪುರ, ಸೀತಾಂಗೋಳಿ, ಬೇಳ, ನೀರ್ಚಾಲು. ಬೆಳಗ್ಗೆ 6.40ಕ್ಕೆ ಹೊರಟವರು ಮುಟ್ಟುವಾಗ ಸಂಜೆ 4.15. ಫೋನಿನ ಲೆಕ್ಕದಲ್ಲಿ 26 ಕಿಲೋಮೀಟರ್.

ನಾಯ್ಕಾಪಿನವರೆಗೆ ಮಳೆ ಸುಮ್ನೆ ಹನಿಯುತ್ತಿತ್ತು. ಅನಂತಪುರದ ಪಾರೆಗೆ (ಮುರಕಲ್ಲಿನ ಬಯಲಿಗೆ) ಹತ್ತಿದ್ದೇ ತಡ, ಅಡ್ಡಡ್ಡ ಹೊಡೆಯಲು ಶುರು. ಕೊಡೆ ಎರಡು ಸಲ ಮಗುಚಿತು. ಮೂರನೇ ಸಲ ಕಡ್ಡಿಯೇ ಮುರಿಯಿತು. ನಾನು ಹಾಕಿದ್ದು 3,800 ರೂಪಾಯಿಯ ವಾಟರ್‌ಪ್ರೂಫ್ ಶೂ. ನೀರು ಒಳಗೆ ಬರುವುದಿಲ್ಲ ಎಂದು ಅಂಗಡಿಯವ ಹೇಳಿದ್ದ. ಒಳಗೆ ಬಂದ ನೀರು ಹೊರಗೆ ಹೋಗುವುದೂ ಇಲ್ಲ ಎಂದು ಹೇಳಿರಲಿಲ್ಲ! ಪ್ಯಾಂಟಿನಿಂದ ಇಳಿದ ನೀರು ಶೂ ತುಂಬಿ, ಹೆಜ್ಜೆಗೊಮ್ಮೆ ಚಳಕ್ ಪಳಕ್. ಸೀತಾಂಗೋಳಿ ಮುಟ್ಟುವಾಗ ಹಿಮ್ಮಡಿಯಲ್ಲಿ ಎರಡು ಬೊಬ್ಬೆ.

ಭಾವ ಹಾಕಿದ್ದು ಹವಾಯಿ ಚಪ್ಪಲಿ. ಕೆಸರು ಹಾರಿ ಹಾರಿ ಅವರ ಬೆನ್ನು ಕುತ್ತಿಗೆಯವರೆಗೆ ಕೆಂಪು. ಬೇಳದ ಹತ್ತಿರ ಗದ್ದೆ ಬದಿಯ ಹೊಂಡದಲ್ಲಿ ಒಂದರ ಬಾರು ಕಿತ್ತಿತು. ಇನ್ನೊಂದನ್ನೂ ತೆಗೆದು ಚೀಲಕ್ಕೆ ಹಾಕಿ, ಅಲ್ಲಿಂದ ಕೊನೆಯವರೆಗೆ ಬರಿಗಾಲು. ಇಬ್ಬರಲ್ಲಿ ಬೊಬ್ಬೆ ಏಳದೆ ಮನೆಗೆ ಬಂದದ್ದು ಅವರೇ.

ಇನ್ನು ಚಳಿ. ಬೇಳ ಇಗರ್ಜಿಯ ಜಗಲಿಯಲ್ಲಿ ಹತ್ತು ನಿಮಿಷ ಕೂತೆವು ನೋಡಿ, ಹಲ್ಲು ಕಟಕಟ ಅನ್ನಲು ಶುರು. 24 ಡಿಗ್ರಿಯಲ್ಲಿ ನಡುಗಿದೆ ಎಂದರೆ ಮಡಿಕೇರಿಯವರು ನಗುತ್ತಾರೆ.

ಈಗ ಕೇಳುವುದು ಇಷ್ಟೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ದೂರ ನಡೆಯುವವರು ಕಾಲಿಗೆ ಎಂತ ಹಾಕುತ್ತೀರಿ? ಕೊಡೆಯೋ ಕೋಟೋ?

ಗೋಳಿಬಜೆ (9.22)
ಬಸ್ಸು ಉಂಟು ಮಾರಾಯ್ರೆ.

ಮಂಜೇಶ್ವರದವ (9.31)
26 ಕಿಲೋಮೀಟರಾ? ಕುಂಬಳೆಯಿಂದ ಬದಿಯಡ್ಕ ಬಸ್ಸಿನಲ್ಲಿ ಹದಿನೆಂಟೋ ಎಂತದೋ. ಫೋನು ಚೀಲದೊಳಗೆ ಕುಣಿದದ್ದನ್ನೂ ಲೆಕ್ಕ ಹಾಕಿದೆ ಅಂತ ಕಾಣುತ್ತದೆ.

ಕಾಲುದಾರಿ (9.40)
@ಮಂಜೇಶ್ವರದವ ಅನಂತಪುರಕ್ಕೆ ರಸ್ತೆ ಬಿಟ್ಟು ಒಳಗೆ ಹೋಗಬೇಕಲ್ಲ. ಮತ್ತೆ ಎರಡು ಕಡೆ ತೋಡು (ಸಣ್ಣ ಹೊಳೆ) ದಾಟಲಾಗದೆ ಬಂದ ದಾರಿಗೇ ತಿರುಗಿ, ಸುತ್ತಿ ಹೋದೆವು. ಅದೇ ನಾಲ್ಕು ಕಿಲೋಮೀಟರ್ ಆಗಿರಬಹುದು.

ಅಡಕೆತೋಟ_ಪೆರ್ಲ (10.05)
ಶೂ ಹಾಕಿದ್ದೇ ತಪ್ಪು. ನಮ್ಮ ಮಳೆಗೆ ವಾಟರ್‌ಪ್ರೂಫ್ ಅಂತ ಒಂದು ವಸ್ತು ಇಲ್ಲ. ಆರು ತಿಂಗಳು ತೋಟದಲ್ಲೇ ಇರುವವನು ನಾನು, ಹೇಳುತ್ತೇನೆ ಕೇಳಿ. ನೀರು ಬರುವುದನ್ನು ತಡೆಯಲು ಹೋಗಬೇಡಿ, ಬಂದ ನೀರು ಹೋಗಲು ದಾರಿ ಬಿಡಿ. ಹಿಮ್ಮಡಿಗೆ ಪಟ್ಟಿ ಇರುವ ಪ್ಲಾಸ್ಟಿಕ್ ಸ್ಯಾಂಡಲ್ ಸಾಕು. ಹವಾಯಿ ಮಾತ್ರ ಬೇಡ. ಕೆಸರಿಗೆ ಕಚ್ಚಿಕೊಳ್ಳುತ್ತದೆ, ಇಳಿಜಾರಿನಲ್ಲಿ ಕಾಲು ಮುಂದೆ, ಚಪ್ಪಲಿ ಹಿಂದೆ.

ಹೊರಡುವ ಮೊದಲು ಪಾದಕ್ಕೆ, ಬೆರಳ ಸಂದಿಗೆ ತೆಂಗಿನೆಣ್ಣೆ ಚೆನ್ನಾಗಿ ತಿಕ್ಕಿ. ತೊಡೆ ಸಂದಿಗೂ! ಒದ್ದೆ ಜೀನ್ಸಿನಲ್ಲಿ ಹತ್ತು ಕಿಲೋಮೀಟರ್ ನಡೆದವರಿಗೆ ನಾನು ಯಾಕೆ ಹೇಳುತ್ತಿದ್ದೇನೆಂದು ಗೊತ್ತಾಗುತ್ತದೆ.

ಬೆಂಗಳೂರಿಗೆಹೋದವ (10.18)
ಎಣ್ಣೆ ಹಚ್ಚಿದ ಕಾಲಿಗೆ ಪ್ಲಾಸ್ಟಿಕ್ ಸ್ಯಾಂಡಲ್ಲಾ? ಜಾರಿ ಬಿದ್ದರೆ ಯಾರು ಎತ್ತುವುದು? ನಾನು ವಾರಕ್ಕೊಮ್ಮೆ ಬೆಟ್ಟ ಹತ್ತುವವನು. ಕಾಲಿನ ಗಂಟಿಗೆ ಆಧಾರ ಬೇಕು. ಒಳ್ಳೆ ಶೂ, ಉಣ್ಣೆಯ ಕಾಲುಚೀಲ, ಇನ್ನೊಂದು ಜೊತೆ ಕಾಲುಚೀಲ ಚೀಲದಲ್ಲಿ. ಅಷ್ಟೆ.

ಅಡಕೆತೋಟ_ಪೆರ್ಲ (10.24)
ಇನ್ನೊಂದು ಜೊತೆ ಕಾಲುಚೀಲ ಒದ್ದೆಯಾಗಲು ಎಷ್ಟು ಹೊತ್ತು ಬೇಕು? ನೀವು ಹತ್ತುವ ಬೆಟ್ಟದಲ್ಲಿ ಮಳೆ ನಿಲ್ಲುತ್ತದೆ. ಇಲ್ಲಿ ಜೂನಿನಲ್ಲಿ ಶುರುವಾದದ್ದು ನಿಲ್ಲುವುದು ಚೌತಿಗೆ.

ಪಾರೆಮನೆ (10.50)
ಜಾರುವ ವಿಷಯ ಬಂತಲ್ಲ, ಪಾರೆಯ ಮೇಲೆಯೇ ಮನೆ ಇರುವವಳು ನಾನು, ಒಂದು ಮಾತು. ಮುರಕಲ್ಲು ಜಾರುವುದಿಲ್ಲ, ಅದರ ಮೇಲಿನ ಹಾವಸೆ ಜಾರುವುದು. ಕಲ್ಲು ಎಲ್ಲಿ ಕಪ್ಪಗೆ, ನಯವಾಗಿ, ಹೊಳೆಯುತ್ತಾ ಕಾಣುತ್ತದೋ ಅಲ್ಲಿ ಕಾಲಿಡಬೇಡಿ. ಎಲ್ಲಿ ಕೆಂಪಗೆ, ತರಿತರಿಯಾಗಿ, ಸಣ್ಣ ಸಣ್ಣ ತೂತು ಇದೆಯೋ ಅಲ್ಲಿ ಧೈರ್ಯವಾಗಿ ಇಡಿ. ಹುಲ್ಲಿನ ಬುಡ ಇದ್ದರೆ ಇನ್ನೂ ಒಳ್ಳೇದು. ನಮ್ಮ ಮನೆಗೆ ಬರುವ ನೆಂಟರೆಲ್ಲ ನೀರು ತಪ್ಪಿಸಲು ಹೋಗಿ ಒಣಗಿದ ಹಾಗೆ ಕಾಣುವ ಕಪ್ಪು ಕಲ್ಲಿನ ಮೇಲೆ ಕಾಲಿಟ್ಟು ಧಡ್ ಅಂತ ಬೀಳುತ್ತಾರೆ. ನೀರು ಹರಿಯುವ ಜಾಗದಲ್ಲಿಯೇ ನಡೆಯಿರಿ. ಹರಿಯುವ ನೀರಿನಲ್ಲಿ ಮರಳು ಇರುತ್ತದೆ, ಕಾಲು ಹಿಡಿಯುತ್ತದೆ.

ಆಗಸ್ಟ್ ಕೊನೆಗೆ ಬನ್ನಿ. ಈ ಪಾರೆಯೆಲ್ಲ ನೀಲಿ ಆಗುತ್ತದೆ. ಮಲಯಾಳದವರು ಕಾಕ್ಕಪ್ಪೂ ಎನ್ನುತ್ತಾರೆ, ಓಣಂ ಹೂವಿನ ರಂಗೋಲಿಗೆ ಕೊಯ್ದು ಕೊಂಡುಹೋಗುತ್ತಾರೆ. ಬೆರಳುಗುರಿನಷ್ಟು ಚಿಕ್ಕ ಹೂ, ನೋಡಲು ಪಾಪ. ಆದರೆ ಬುಡದಲ್ಲಿ ಪುಟ್ಟ ಪುಟ್ಟ ಚೀಲ ಇಟ್ಟುಕೊಂಡು ನೀರಿನ ಹುಳ ಹಿಡಿದು ತಿನ್ನುವ ಗಿಡ ಅದು.

ಗೋಳಿಬಜೆ (10.58)
ಅನಂತಪುರದಲ್ಲಿ ಕೆರೆಯ ಮೊಸಳೆ ಬಬಿಯಾ ಕಂಡಿತಾ?

ಮಂಜೇಶ್ವರದವ (11.02)
ಬಬಿಯಾ 2022ರ ಅಕ್ಟೋಬರಿನಲ್ಲೇ ಹೋಯಿತಲ್ಲ. ಎಲ್ಲಿದ್ದೀರಿ ನೀವು?

ಪಾರೆಮನೆ (11.06)
ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮರಿ ಮೊಸಳೆ ಕಾಣಿಸಿಕೊಂಡಿತು. ಅದಕ್ಕೂ ಬಬಿಯಾ ಎಂದೇ ಕರೆಯುವವರು ಇದ್ದಾರೆ.

ಕಾಲುದಾರಿ (11.15)
ಮೊಸಳೆ ಬಿಡಿ, ಕೆರೆಯೇ ಸರಿಯಾಗಿ ಕಾಣಲಿಲ್ಲ. ಅಷ್ಟು ಮಳೆ. ಕನ್ನಡಕ ಒರೆಸಲು ಒಣ ಬಟ್ಟೆ ಇಬ್ಬರ ಮೈಮೇಲೂ ಇರಲಿಲ್ಲ.

ಹಳೆಮೇಷ್ಟ್ರು (11.48)
ಕೊಡೆಯೋ ಕೋಟೋ ಎಂದು ಕೇಳಿದ್ದೀರಿ. ಎರಡಕ್ಕೂ ಮೊದಲು ಗೊರಬೆ ಇತ್ತು ತಮ್ಮಾ. ಬಿದಿರ ಸೀಳಿನ ಚೌಕಟ್ಟು, ನಡುವೆ ಒಣಗಿದ ಎಲೆ ಹಾಸಿ ಕಟ್ಟಿದ್ದು. ತಲೆಯ ಮೇಲಿಟ್ಟರೆ ಬೆನ್ನು ಮುಚ್ಚಿ ಸೊಂಟದವರೆಗೆ ಬರುತ್ತದೆ. ಎರಡೂ ಕೈ ಖಾಲಿ. ಬಗ್ಗಿ ನೇಜಿ (ಭತ್ತದ ಸಸಿ) ನೆಡುವ ಹೆಂಗಸರಿಗೆಂದೇ ಮಾಡಿದ್ದು ಅದು. ನಿಂತು ನಡೆಯುವವರಿಗೆ ಗಾಳಿಯಲ್ಲಿ ಸ್ವಲ್ಪ ಕಷ್ಟ, ಒಪ್ಪುತ್ತೇನೆ.

ನಾನು ಐದನೇ ಕ್ಲಾಸಿನಿಂದ ನೀರ್ಚಾಲು ಶಾಲೆಗೆ ದಿನಾ ಹೋಗಿ ಬರುತ್ತಿದ್ದದ್ದು ನಡೆದೇ. ಹೋಗುವಾಗ ಒಂದೂವರೆ ಗಂಟೆ, ಬರುವಾಗ ಎರಡು. ಬರುವಾಗ ಜಾಸ್ತಿ ಯಾಕೆಂದರೆ ದಾರಿಯಲ್ಲಿ ಕುಂಟಾಲ ಹಣ್ಣು. ಚಪ್ಪಲಿ ಎಂಬುದು ನನ್ನ ಕಾಲಿಗೆ ಬಂದದ್ದು ಎಸ್ಸೆಸ್ಸೆಲ್ಸಿ ಆದ ಮೇಲೆ. ಪುಸ್ತಕವನ್ನು ಅಡಕೆ ಹಾಳೆಯಲ್ಲಿ ಸುತ್ತಿ, ಬಾಳೆ ಹಗ್ಗದಲ್ಲಿ ಕಟ್ಟಿ ಕೊಡುತ್ತಿದ್ದರು ಅಮ್ಮ. ನಾವು ಒದ್ದೆ, ಪುಸ್ತಕ ಒಣ. ನಡುವೆ ಒಂದು ತೋಡು. ಎರಡು ಅಡಕೆ ಮರ ಹಾಕಿದ ಸಂಕ, ಹಿಡಿಯಲು ಒಂದೇ ಒಂದು ಬಿದಿರು. ಸಂಕದ ಆಚೆ ಬದಿಯಲ್ಲಿ ಒಂದು ಕಲ್ಲು ಇತ್ತು. ಆ ಕಲ್ಲಿನ ತಲೆ ಕಂಡರೆ ಶಾಲೆ, ಕಾಣದಿದ್ದರೆ ರಜೆ. ಜಿಲ್ಲಾಧಿಕಾರಿಯ ಅಪ್ಪಣೆಗೆ ಕಾಯುವ ಕೆಲಸ ಇರಲಿಲ್ಲ. ಕಾಸರಗೋಡು ಜಿಲ್ಲೆಯೇ ಇರಲಿಲ್ಲ ಬಿಡಿ, ಅದು ಆದದ್ದು 1984ರಲ್ಲಿ.

ಬೆಂಗಳೂರಿಗೆಹೋದವ (12.01)
ಮೇಷ್ಟ್ರೇ, ಬರಿಗಾಲಿನ ಕಾಲ ಚಂದ ಎನ್ನುವುದು ಸುಲಭ. ಆಗ ಎಷ್ಟು ಮಕ್ಕಳ ಕಾಲಿಗೆ ಮುಳ್ಳು ಹೊಕ್ಕು ಕೀವು ಆಗುತ್ತಿತ್ತು ಎನ್ನುವುದನ್ನೂ ಹೇಳಿ.

ಹಳೆಮೇಷ್ಟ್ರು (12.09)
ಚಂದ ಎಂದು ನಾನು ಎಲ್ಲಿ ಹೇಳಿದೆ? ಚಪ್ಪಲಿ ಇರಲಿಲ್ಲ ಎಂದೆ. ಕಾಲುಬೆರಳ ಸಂದಿ ನೀರು ತಿಂದು ಬೆಳ್ಳಗೆ ಬಿರಿಯುತ್ತಿತ್ತು. ರಾತ್ರಿ ಅಜ್ಜಿ ಮದರಂಗಿ ಸೊಪ್ಪು ಅರೆದು ಸಂದಿಗೆ ಮೆತ್ತುತ್ತಿದ್ದರು. ಆಟಿ ತಿಂಗಳಲ್ಲಿ ಗಂಡುಮಕ್ಕಳ ಕಾಲೂ ಕೆಂಪು. ಶಾಲೆಯಲ್ಲಿ ಯಾರೂ ನಗುತ್ತಿರಲಿಲ್ಲ, ಎಲ್ಲರದ್ದೂ ಕೆಂಪೇ.

ಮುಳ್ಳೇರಿಯಕ್ಕ (1.30)
ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ನಾನು ಇಪ್ಪತ್ತು ವರ್ಷದಿಂದ ನರ್ಸ್. ಕೊನೆಗೆ ಬರಿಗಾಲಲ್ಲಿ ನಡೆದ ಭಾವನವರ ಕಾಲಿನಲ್ಲಿ ಗಾಯ ಉಂಟಾ? ತಮಾಷೆಗೆ ಕೇಳುವುದಲ್ಲ. ಗದ್ದೆ, ತೋಡು, ನಿಂತ ನೀರು, ಎಲ್ಲದರಲ್ಲೂ ಇಲಿ ಮೂತ್ರ ಸೇರಿರುತ್ತದೆ. ಬಿರಿದ ಕಾಲಿನಲ್ಲಿ, ಒಡೆದ ಬೊಬ್ಬೆಯಲ್ಲಿ ಅದು ಒಳಗೆ ಹೋದರೆ ಇಲಿಜ್ವರ. ಮಳೆಗಾಲ ಬಂತೆಂದರೆ ನಮ್ಮಲ್ಲಿಗೆ ಬರುವ ಜ್ವರದವರಿಗೆ ನಾವು ಕೇಳುವ ಮೊದಲ ಪ್ರಶ್ನೆ, ನೀರಿಗಿಳಿದಿದ್ದೀರಾ ಎಂದು. ಜ್ವರ ಮಾರನೇ ದಿನ ಬರುವುದಲ್ಲ, ಹೆಚ್ಚಾಗಿ ಐದರಿಂದ ಹದಿನಾಲ್ಕು ದಿನದೊಳಗೆ. ಆಗ ಮೀನಖಂಡ ನೋವು, ಕಣ್ಣು ಕೆಂಪು ಕಂಡರೆ ಬರೀ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ಕೆಸರಿನಲ್ಲಿ ಕೆಲಸ ಮಾಡುವವರಿಗೆ ಆರೋಗ್ಯ ಕೇಂದ್ರದಲ್ಲಿ ಡಾಕ್ಸಿಸೈಕ್ಲಿನ್ ಗುಳಿಗೆ ಕೊಡುತ್ತಾರೆ. ನೀವೂ ಹೋಗಿ ಕೇಳಿ. ನೀವೇ ಮೆಡಿಕಲಿನಿಂದ ತೆಗೆದುಕೊಂಡು ನುಂಗುವುದು ಬೇಡ.

ಮದರಂಗಿ ಹಚ್ಚಿ, ಬೇಡ ಎನ್ನುವುದಿಲ್ಲ. ಆದರೆ ಮೊದಲು ಸಾಬೂನು ಹಾಕಿ ತೊಳೆದು ಸಂದಿ ಒಣಗಿಸಿ.

ಕಾಲುದಾರಿ (1.52)
ಅಕ್ಕಾ, ಹೆದರಿಸಿದಿರಿ. ಭಾವನ ಎಡಗಾಲ ಹೆಬ್ಬೆರಳಿನಲ್ಲಿ ಕಲ್ಲು ತರಚಿದ ಗಾಯ ಉಂಟು. ಇವತ್ತೇ ಕಳಿಸುತ್ತೇನೆ. ನನ್ನ ಬೊಬ್ಬೆಯೂ ಒಡೆದಿದೆ, ನಾನೂ ಹೋಗುತ್ತೇನೆ.

ಚಂದ್ರಗಿರಿ_ದಡ (2.20)
ಇಂಬಳದ (ಜಿಗಣೆಯ) ಬಗ್ಗೆ ಯಾರೂ ಹೇಳಲಿಲ್ಲ!

ಅಡಕೆತೋಟ_ಪೆರ್ಲ (2.26)
ಕುಂಬಳೆ ಕಡೆ ಎಲ್ಲಿಯ ಇಂಬಳ? ಇಂಬಳ ಬೇಕಾದರೆ ರಾಣಿಪುರಕ್ಕೆ ಹೋಗಿ. ಕಾಡು ದಾಟಿ ಹುಲ್ಲು ಗುಡ್ಡಕ್ಕೆ ಮುಟ್ಟುವ ಮೊದಲು ಒಂದೊಂದು ಕಾಲಿಗೆ ಹತ್ತತ್ತು. ಹೊಗೆಸೊಪ್ಪು ನೆನೆಸಿದ ನೀರು ಕಾಲಿಗೆ ಹಚ್ಚಿಕೊಳ್ಳಿ, ಹತ್ತಿದ್ದಕ್ಕೆ ಉಪ್ಪು ಹಾಕಿ.

ಮುಳ್ಳೇರಿಯಕ್ಕ (2.41)
ಉಪ್ಪು ಹಾಕಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕುತ್ತದೆ ಅಣ್ಣ. ಉಗುರಿನಲ್ಲಿ ಬಾಯಿಯ ಬದಿಯಿಂದ ಸರಿಸಿ, ಬಿಡುತ್ತದೆ. ರಕ್ತ ಬೇಗ ನಿಲ್ಲುವುದಿಲ್ಲ. ಹೆಪ್ಪುಗಟ್ಟದ ಹಾಗೆ ಮಾಡುವ ಹಿರುಡಿನ್ ಎಂಬ ವಸ್ತು ಅದರ ಜೊಲ್ಲಿನಲ್ಲಿ ಇರುತ್ತದೆ. ನೋಡಲು ಭಯಂಕರ, ಅಷ್ಟೆ.

ಅಡಕೆತೋಟ_ಪೆರ್ಲ (2.44)
ನಲವತ್ತು ವರ್ಷದಿಂದ ಉಪ್ಪು ಹಾಕುತ್ತಿದ್ದೇನೆ, ಎಂತದೂ ಆಗಲಿಲ್ಲ.

ಮುಳ್ಳೇರಿಯಕ್ಕ (2.46)
ನಲವತ್ತು ವರ್ಷದಿಂದ ಹೆಲ್ಮೆಟ್ ಇಲ್ಲದೆ ಬೈಕ್ ಬಿಟ್ಟವರೂ ಹೀಗೆಯೇ ಹೇಳುತ್ತಾರೆ.

ಗೋಳಿಬಜೆ (2.47)
😂 ಅಕ್ಕ ಒಂದು, ಅಣ್ಣ ಸೊನ್ನೆ.

ಬೆಂಗಳೂರಿಗೆಹೋದವ (3.15)
ಚಳಿಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. 24 ಡಿಗ್ರಿ ಚಳಿ ಅಲ್ಲ, ನಿಜ. ಆದರೆ ಒದ್ದೆ ಬಟ್ಟೆ, ಮೇಲೆ ಗಾಳಿ. ಬಟ್ಟೆಯ ನೀರು ಆರುವಾಗ ಮೈಯ ಬಿಸಿಯನ್ನೇ ಎಳೆಯುತ್ತದೆ. ನಡೆಯುವಷ್ಟು ಹೊತ್ತು ಗೊತ್ತಾಗುವುದಿಲ್ಲ, ಕೂತ ಕೂಡಲೇ ಹಿಡಿಯುತ್ತದೆ. ಹತ್ತಿ ಬಟ್ಟೆ, ಜೀನ್ಸ್ ಅಂತೂ ಬೇಡವೇ ಬೇಡ, ಕುಡಿದ ನೀರು ಬಿಡುವುದಿಲ್ಲ. ಆಟದವರು ಹಾಕುವ ತೆಳು ಪಾಲಿಯೆಸ್ಟರ್ ಬನಿಯನ್ ಹಾಕಿ. ಒಂದು ಒಣ ಅಂಗಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ ಇಟ್ಟುಕೊಳ್ಳಿ. ಅದನ್ನು ನಡೆಯುವಾಗ ಹಾಕಬಾರದು. ಕೂತಾಗ ಹಾಕಿ, ಏಳುವಾಗ ತೆಗೆದು ಮತ್ತೆ ಒದ್ದೆಯದ್ದನ್ನೇ ಹಾಕಿಕೊಳ್ಳಬೇಕು. ಆ ಒದ್ದೆ ಅಂಗಿ ಹಾಕುವ ಒಂದು ನಿಮಿಷ ಮಾತ್ರ ನರಕ.

ಅಡಕೆತೋಟ_ಪೆರ್ಲ (3.20)
ಇದು ಸರಿ. ಶೂ ಬಿಟ್ಟು ಉಳಿದದ್ದಕ್ಕೆಲ್ಲ ನನ್ನ ಒಪ್ಪಿಗೆ ಉಂಟು.

ಚಂದ್ರಗಿರಿ_ದಡ (3.34)
ಬೇಳ ಇಗರ್ಜಿಯ ಜಗಲಿಯಲ್ಲಿ ಕೂತೆವು ಎಂದಿರಲ್ಲ, ಅದು 1890ರಲ್ಲಿ ಕಟ್ಟಿದ್ದು. ಗಾಥಿಕ್ ಶೈಲಿ. ಒದ್ದೆ ಕಾಲಲ್ಲಿ ಒಳಗೆ ಹೋಗಲಿಲ್ಲ ತಾನೇ?

ಕಾಲುದಾರಿ (3.41)
ಇಲ್ಲ ಇಲ್ಲ. ಅಲ್ಲಿದ್ದ ಒಬ್ಬರು ಅಜ್ಜಿ ನಮ್ಮನ್ನು ನೋಡಿ ಕೊಂಕಣಿಯಲ್ಲಿ ಎಂತದೋ ಕೇಳಿದರು. ನಮಗೆ ಬರುವುದಿಲ್ಲ. ಭಾವ ಮಲಯಾಳದಲ್ಲಿ ಉತ್ತರ ಕೊಟ್ಟರು. ಅಜ್ಜಿ ತುಳುವಿಗೆ ಬಂದರು. ಕೊನೆಗೆ ಕನ್ನಡದಲ್ಲಿ, "ಬಸ್ಸಿಗೆ ದುಡ್ಡಿಲ್ವಾ ಮಕ್ಕಳೇ?" ಅಂದರು. ಪರ್ಸಿನಿಂದ ಇಪ್ಪತ್ತು ರೂಪಾಯಿ ತೆಗೆದೇ ಬಿಟ್ಟರು! ಉಂಟು ಅಜ್ಜಿ, ಸುಮ್ನೆ ನಡೆಯುವುದು ಅಂತ ಹೇಳಲು ಇಬ್ಬರಿಗೂ ನಾಚಿಕೆ ಆಯಿತು.

ಗೋಳಿಬಜೆ (3.44)
ನಾನು 9.22ಕ್ಕೇ ಇದನ್ನೇ ಕೇಳಿದ್ದು.

ಮಂಜೇಶ್ವರದವ (4.10)
ದಾರಿ ಹೇಗೆ ಹುಡುಕಿದಿರಿ? ನನ್ನ ಫೋನಿನ ಮ್ಯಾಪಿನಲ್ಲಿ ಊರ ಹೆಸರೆಲ್ಲ ಮಲಯಾಳದ ಬಾಯಲ್ಲಿ ಬರುತ್ತದೆ. ಮೊನ್ನೆ ನಮ್ಮದೇ ಪಕ್ಕದ ಊರನ್ನು ಗುರುತಿಸಲು ಅರ್ಧ ನಿಮಿಷ ಬೇಕಾಯಿತು.

ಪಾರೆಮನೆ (4.22)
ಮ್ಯಾಪಿನಲ್ಲಿ ಕಾಲುದಾರಿ ಇರುವುದೂ ಇಲ್ಲ. ಮೊದಲು ಎಲ್ಲರ ತೋಟದೊಳಗೂ ದಾರಿ ಇತ್ತು. ಈಗ ಮುರಕಲ್ಲಿನ ಪಾಗಾರ, ಕಬ್ಬಿಣದ ಗೇಟು, ಒಳಗೆ ನಾಯಿ. ನಮ್ಮ ಮನೆ ಎದುರಿನಲ್ಲಿ ಶಾಲೆ ಮಕ್ಕಳು ನಡೆಯುತ್ತಿದ್ದ ದಾರಿಯಲ್ಲಿ ಈಗ ಮುಳ್ಳು ಕಂಟಿ. ನಡೆಯುವವರೇ ಇಲ್ಲ ಎಂದು ಮುಚ್ಚಿದರು, ಮುಚ್ಚಿದ್ದಕ್ಕೆ ನಡೆಯುವವರಿಲ್ಲ.

ಕಾಲುದಾರಿ (4.35)
ಹೌದು, ಆ ಎರಡು ತೋಡಿನಲ್ಲಿ ಒಂದರ ಕಥೆ ಅದೇ. ಸಂಕ ಮುರಿದು ಬಿದ್ದಿತ್ತು. ಹಾಕಿಸುವವರು ಯಾರು, ಬೇಕಾದವರು ಯಾರು? ಆಚೆ ದಡದಲ್ಲಿ ಒಬ್ಬರು ನಿಂತು ಕೈಸನ್ನೆ ಮಾಡಿ ಬರಬೇಡಿ ಅಂದರು. ನೀರು ಮಂಡಿಯವರೆಗೆ ಇರಬಹುದು ಎಂದು ನನ್ನ ಅಂದಾಜು. ಅವರು ಕೈಯಲ್ಲಿದ್ದ ಕೋಲನ್ನು ಇಳಿಸಿ ತೋರಿಸಿದರು. ಎದೆ ಮಟ್ಟ.

ಅಡಕೆತೋಟ_ಪೆರ್ಲ (4.48)
ಕೆಂಪು ನೀರಿಗೆ ತಳ ಇಲ್ಲ ಅಂತಲೇ ತಿಳಿಯಬೇಕು. ಇನ್ನೊಂದು ವಿಷಯ. ಪೆರ್ಲ, ಪಡ್ರೆ, ಬಾಯಾರು ಕಡೆ ಬಂದರೆ ಗುಡ್ಡದ ಬದಿಯಲ್ಲಿ ಸುರಂಗ ಕಾಣುತ್ತದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ ಅಂತ ಹೇಳಬಹುದು. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ತೋಡುವವರು ಮೇಣದಬತ್ತಿ ಹಚ್ಚಿಕೊಂಡು ಹೋಗುತ್ತಿದ್ದರು. ಬತ್ತಿ ನಂದಿದರೆ ಗಾಳಿ ಸಾಲದು ಎಂದು ಅರ್ಥ, ಹೊರಗೆ ಓಡಿ ಬರಬೇಕು. ಪಂಪು ಇಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ನಮ್ಮ ಮನೆಗೆ ಈಗಲೂ ಅದೇ ನೀರು. ಬಾಯಲ್ಲಿ ನಿಂತು ನೋಡಿ, ಮನೆಯವರನ್ನು ಕೇಳಿದರೆ ಕುಡಿಯಲೂ ಕೊಡುತ್ತಾರೆ. ಮಳೆಗಾಲದಲ್ಲಿ ಒಳಗೆ ಮಾತ್ರ ಹೋಗಬೇಡಿ. ಮಣ್ಣು ನೆನೆದು ಕುಸಿಯುತ್ತದೆ.

ಬೆಂಗಳೂರಿಗೆಹೋದವ (5.05)
ಮುಂದಿನ ಸಲ ಪೊಸಡಿ ಗುಂಪೆ ಗುಡ್ಡ ಇಟ್ಟುಕೊಳ್ಳಿ. 1,060 ಅಡಿ. ನಾನೂ ಬರುತ್ತೇನೆ, ಶೂ ಹಾಕಿಕೊಂಡೇ.

ಪಾರೆಮನೆ (5.11)
ಆಟಿಯಲ್ಲಿ ಗುಂಪೆ ಮೇಲೆ ಮಂಜು ಬಿಟ್ಟು ಬೇರೆ ಎಂತದೂ ಕಾಣುವುದಿಲ್ಲ. ನಿಮ್ಮ ಶೂವೂ ಕಾಣುವುದಿಲ್ಲ.

ಚಂದ್ರಗಿರಿ_ದಡ (5.30)
ಯಾವ ದಿನ ಆದರೂ ಮೊದಲು ಹವಾಮಾನ ಇಲಾಖೆಯ ಮಳೆ ಅಲರ್ಟ್ ನೋಡಿ. ಎಲ್ಲೋ (ಹಳದಿ) ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್. ಆರೆಂಜ್ 204.4ರವರೆಗೆ. ಅದಕ್ಕಿಂತ ಮೇಲೆ ರೆಡ್. 100 ಮಿಲಿಮೀಟರ್ ಎಂದರೆ ಒಂದು ಚದರ ಮೀಟರಿಗೆ 100 ಲೀಟರ್. ನಿಮ್ಮ ಕೊಡೆಯ ಮೇಲೆ ದಿನಕ್ಕೆ ಐದಾರು ಕೊಡಪಾನ ಸುರಿದ ಹಾಗೆ. ಎಲ್ಲೋದಲ್ಲಿ ನಾನು ನಡೆಯುತ್ತೇನೆ. ಆರೆಂಜಿನಲ್ಲಿ ಮನೆಯಲ್ಲಿ ಕೂತು ಹಲಸಿನ ಹಪ್ಪಳ ಸುಡುತ್ತೇನೆ. ಮಧೂರಿನ ಕಡೆ ದಾರಿ ಹಾಕಬೇಡಿ, ಜೋರು ಮಳೆಗೆ ಮಧುವಾಹಿನಿ ಹೊಳೆ ಉಕ್ಕಿ ದೇವಸ್ಥಾನದ ಅಂಗಳಕ್ಕೇ ಬರುತ್ತದೆ. ದಾರಿಯಲ್ಲಿ ಕರೆಂಟಿನ ತಂತಿ ಬಿದ್ದದ್ದು ಕಂಡರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.

ಹಳೆಮೇಷ್ಟ್ರು (6.15)
ಬದಿಯಡ್ಕದವರೆಗೆ ಹೋದವರು ಪೆರಡಾಲಕ್ಕೆ ಹೋಗಲಿಲ್ಲವೇ? ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಮೇಷ್ಟ್ರಾಗಿದ್ದ ಊರು. 1915ರಲ್ಲಿ ಹುಟ್ಟಿ ನೂರು ತುಂಬಿಸಿಯೇ ಹೋದರು.

ಕಾಲುದಾರಿ (6.28)
ಮೇಷ್ಟ್ರೇ, ಬದಿಯಡ್ಕ ಮುಟ್ಟಿದ ಮೇಲೆ ನಾವು ಹೋದದ್ದು ಹೋಟ್ಲಿಗೆ ಮಾತ್ರ. ಒಳಗೆ ಕೂರಲು ನಾಚಿಕೆ, ನಾವು ನಿಂತಲ್ಲೆಲ್ಲ ನೀರು. ಹೊರಗಿನ ಕಟ್ಟೆಯಲ್ಲಿ ಕೂತು ತಲಾ ಎರಡು ಚಾ, ಒಂದೊಂದು ಪ್ಲೇಟ್ ಬಿಸಿ ಗೋಳಿಬಜೆ. ಲೋಟ ಹಿಡಿದರೆ ಬೆರಳಿಗೆ ಬಿಸಿ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬೆರಳ ತುದಿ ಒಣದ್ರಾಕ್ಷಿ ಹಾಗೆ ಸುಕ್ಕಾಗಿತ್ತು.

ಗೋಳಿಬಜೆ (6.30)
ಕೊನೆಗೂ ವಿಷಯಕ್ಕೆ ಬಂದಿರಿ. ಚಟ್ನಿ ಹೇಗಿತ್ತು?

ಕಾಲುದಾರಿ (6.33)
ಎರಡು ಸಲ ಹಾಕಿಸಿಕೊಂಡೆವು.

ಕಾಲುದಾರಿ (8.50)
ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಹೋಗಿ ಬಂದೆವು. ಭಾವನಿಗೆ ಟಿಟಿ ಇಂಜೆಕ್ಷನ್ನೂ ಆಯಿತು. ಅಲ್ಲಿಯೂ ಅದೇ ಪ್ರಶ್ನೆ, ನಡೆದದ್ದು ಯಾಕೆ ಎಂದು.

ಬರುವ ಆದಿತ್ಯವಾರ ಕಾಲು ಒಣಗಿದ್ದರೆ, ಅಲರ್ಟ್ ಎಲ್ಲೋ ದಾಟದಿದ್ದರೆ, ಬದಿಯಡ್ಕದಿಂದ ಪೆರ್ಲಕ್ಕೆ. ಚಿಕ್ಕ ದಾರಿ. ಪಟ್ಟಿ ಇರುವ ಸ್ಯಾಂಡಲ್ ಇವತ್ತೇ ತಂದೆ, 260 ರೂಪಾಯಿ. ಒಣ ಅಂಗಿಯನ್ನು ಕವರಿನಲ್ಲಿ ಕಟ್ಟಿ ಇಟ್ಟಾಯಿತು. ಬರುವವರು ಏಳು ಗಂಟೆಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಗಿ.

ಅಡಕೆತೋಟ_ಪೆರ್ಲ (8.58)
ಮಧ್ಯಾಹ್ನ ಊಟಕ್ಕೆ ನಮ್ಮಲ್ಲಿಗೆ ಬನ್ನಿ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಾವಿನ ಮಿಡಿ. ಒಲೆ ಮೇಲಿನ ಅಟ್ಟದಲ್ಲಿ ಬಟ್ಟೆ ಹರವಿದರೆ ಊಟ ಮುಗಿಯುವಾಗ ಒಣಗುತ್ತದೆ. ಹೊಗೆ ವಾಸನೆ ಬರುತ್ತದೆ ಅಂತ ಆಮೇಲೆ ಹೇಳಬಾರದು.

ಬೆಂಗಳೂರಿಗೆಹೋದವ (9.04)
ಶೂ ಹಾಕಿಕೊಂಡು ಬಂದವರಿಗೂ ಗಂಜಿ ಉಂಟಾ?

ಅಡಕೆತೋಟ_ಪೆರ್ಲ (9.06)
ಉಂಟು. ಶೂ ಅಂಗಳದಲ್ಲೇ ಬಿಟ್ಟು, ನೀರು ಚೆಲ್ಲಿ ಬನ್ನಿ.

ಕಾಲುದಾರಿ (9.10)
ಯಾರ ಹತ್ತಿರವಾದರೂ ಎರಡು ಕೊಡೆ ಇದ್ದರೆ ಒಂದು ತನ್ನಿ. ನನ್ನದರ ಕಡ್ಡಿ ಕಟ್ಟಿಸಿಲ್ಲ.